ಗೀರು ಯಾವುದರ ಮೇಲಿದೆ

ಫೆಬ್ರವರಿ 9

ಚಿ. ಎಂದು ಬರೆದು ಪೆನ್ನು ಎತ್ತಿಟ್ಟು ಕೂತೆ. ಮುಂದೆ ಸೌ. ಎಂದು ಬರೆಯಬಹುದೋ ಬಾರದೋ ತಿಳಿಯಲಿಲ್ಲ. ಇಷ್ಟು ವರ್ಷ ಪ್ರೆಸ್‌ನಲ್ಲಿ ಊರವರ ಕರಡು ತಿದ್ದಿದವಳಿಗೆ ಸ್ವಂತ ಸೊಸೆಗೆ ಒಂದು ಸಾಲು ನೆಟ್ಟಗೆ ಬರೆಯಲು ಬರುತ್ತಿಲ್ಲ. ಸೊಸೆ ಎಂದೂ ಬರೆದುಬಿಟ್ಟೆ, ನೋಡು. ನಿನಗೂ ನನ್ನ ಮಗನಿಗೂ ಇನ್ನು ಸಂಬಂಧವಿಲ್ಲ ಎಂದು ಕೋರ್ಟಿನವರು ಹೇಳಿದರು. ನನಗೂ ನಿನಗೂ ಏನು ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಬರೆಯಲು ಕಾರಣ ಒಂದು ನಾಣ್ಯ. ನಿನ್ನ ಮಾವ ಹೋದ ಮೇಲೆ ಅವರ ನಾಣ್ಯದ ಹುಚ್ಚು ನನಗೆ ಅಂಟಿಕೊಂಡದ್ದು ನಿನಗೆ ಗೊತ್ತು. ಈಗ ಅಂಗಡಿ ಅಂಗಡಿ ಅಲೆಯಲು ಮಂಡಿ ಒಪ್ಪುವುದಿಲ್ಲ, ಕಂಪ್ಯೂಟರಿನಲ್ಲೇ ನೋಡಿ ತರಿಸುತ್ತೇನೆ. ಅದೊಂದು ಥರ ಫೋಟೋ ನೋಡಿ ಸಂಬಂಧ ಒಪ್ಪಿಕೊಂಡ ಹಾಗೆ. ಪೆಟ್ಟು ತಿಂದು ತಿಂದು ಅಷ್ಟಿಷ್ಟು ಕಲಿತಿದ್ದೇನೆ. ತಳತಳ ಹೊಳೆಯುವುದನ್ನು ನಂಬಬಾರದು. ಬೆಳ್ಳಗಿರುವುದೆಲ್ಲ ಹಾಲಲ್ಲ, ಯಾರೋ ಪಾತ್ರೆ ಉಜ್ಜಿದ ಹಾಗೆ ಉಜ್ಜಿರುತ್ತಾರೆ. ಹಳೆಯ ಬೆಳ್ಳಿಯಾದರೆ ಅಕ್ಷರಗಳ ಸಂದಿಯಲ್ಲಿ ಕಪ್ಪು ಕೂತಿರಬೇಕು. ಅಕ್ಷರ ಮೇಣದ ಹಾಗೆ ಮೆತ್ತಗೆ ಕಂಡರೆ ಅದು ಅಚ್ಚು ಒತ್ತಿದ್ದಲ್ಲ, ಎರಕ ಹೊಯ್ದದ್ದು. ಅಂಚಿನ ಫೋಟೋ ಕೊಡಲು ಮಾರುವವನು ಸತಾಯಿಸಿದರೆ ಅಂಚಿನಲ್ಲೇ ಏನೋ ಇದೆ.

ಇಷ್ಟೆಲ್ಲ ಗೊತ್ತಿದ್ದೂ ಈ ಸಲ ತಲೆ ಓಡುತ್ತಿಲ್ಲ. ಇದರ ಜೊತೆಗಿಟ್ಟಿರುವ ಚಿತ್ರ ನೋಡು, ಹಾಯಿ ಹಡಗಿನ ನಾಣ್ಯ. ಮಾರುವವನು ‘ಹಳೆಗಂಟು’ ಎಂದು ಹೆಸರಿಟ್ಟುಕೊಂಡಿದ್ದಾನೆ. ಹಾಯಿಯ ಬಲಮೂಲೆಯಲ್ಲಿ ಒಂದು ಓರೆ ಗೆರೆ ಇದೆ, ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದೇನೆ. ಅದು ಗೀರೋ, ಬೆಳಕಿನ ಆಟವೋ? ಫೋನ್ ಮಾಡಿದರೆ ಸುತ್ತು ಹಾಕಿ ತೋರಿಸಲು ಆಗುವುದಿಲ್ಲ, ಅದಕ್ಕೇ ಅಂಚೆ.

ಅಂದಹಾಗೆ, ನಿನ್ನ ಮದುವೆಯಲ್ಲಿ ನಾನು ನಿನ್ನ ಕೈಗೆ ಹಾಕಿದ್ದೂ ಹಡಗಿನ ನಾಣ್ಯವೇ. ಅದರ ಹಾಯಿಯ ಮೇಲೂ ಇಂಥದೇ ಗೀರಿತ್ತು, ಅಂಟಿಕೊಂಡ ಲಕೋಟೆಯಿಂದ ಬಿಡಿಸುವಾಗ ನನ್ನದೇ ಸೂಜಿ ತಾಗಿದ್ದು. ಅದು ನಿನ್ನ ಬಳಿ ಕ್ಷೇಮವಾಗಿದೆಯಾ? ಸುಮ್ಮನೆ ಕೇಳಿದೆ.

ಇಂತಿ,
ಏನೆಂದು ಸಹಿ ಹಾಕಬೇಕೋ ತಿಳಿಯದ
ಕರಡಿನವಳು


ಫೆಬ್ರವರಿ 20

ಅತ್ತೆಯವರಿಗೆ ನಮಸ್ಕಾರ. ಬೇರೆ ಏನೆಂದು ಕರೆಯಬೇಕೋ ನನಗೂ ಗೊತ್ತಿಲ್ಲ, ಸದ್ಯಕ್ಕೆ ಹಳೆಯದೇ ಇರಲಿ.

ನಿಮ್ಮ ಕಾಗದ ಬಂದಾಗ ಸ್ಟುಡಿಯೋದಲ್ಲಿ ಕುಕ್ಕರುಗಳ ನಡುವೆ ಕೂತಿದ್ದೆ. ಆನ್‌ಲೈನ್ ಅಂಗಡಿಗೆ ಅವುಗಳ ಫೋಟೋ ಬೇಕಂತೆ. ಸ್ಟೀಲಿನ ಫೋಟೋ ಎಂದರೆ ಕನ್ನಡಿಯ ಫೋಟೋ ತೆಗೆದ ಹಾಗೆ. ಸ್ವಲ್ಪ ಎಚ್ಚರ ತಪ್ಪಿದರೂ ಕುಕ್ಕರಿನ ಹೊಟ್ಟೆಯಲ್ಲಿ ನನ್ನದೇ ಮುಖ ಕುಂಬಳಕಾಯಿಯ ಹಾಗೆ ಕೂತಿರುತ್ತದೆ. ಸುತ್ತ ಬಿಳಿ ಬಟ್ಟೆ ಕಟ್ಟಿ ಬೆಳಕನ್ನು ಹದ ಮಾಡುತ್ತೇನೆ. ಆಗ ನನ್ನ ಮುಖವೂ ಮಾಯ, ಕುಕ್ಕರಿನ ಗೀರೂ ಮಾಯ. ಗೀರು ಮುಚ್ಚಿಡುವುದಕ್ಕೇ ನನಗೆ ಸಂಬಳ. ಹಾಗಾಗಿ ಮುಚ್ಚಿಡುವ ದಾರಿಗಳೆಲ್ಲ ಗೊತ್ತು.

ನಿಮ್ಮ ಚಿತ್ರದಲ್ಲಿ ಹಾಗೆ ಮುಚ್ಚಿಟ್ಟದ್ದೇನೂ ಕಾಣುತ್ತಿಲ್ಲ. ಸಂದಿಗಳಲ್ಲಿ ಕಪ್ಪು ಇದೆ, ಅಕ್ಷರಗಳ ಮೂಲೆ ಚೂಪಾಗಿದೆ. ಗೆರೆಯ ವಿಷಯ ಒಂದೇ ಚಿತ್ರದಿಂದ ಹೇಳಲಾಗದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನೀವೇ ಹೇಳುತ್ತಿದ್ದಿರಿ. ನಾಣ್ಯವನ್ನು ತಿರುಗಿಸಿಟ್ಟು ಇನ್ನೊಂದು ಚಿತ್ರ ತೆಗೆಯಲು ಹೇಳಿ. ಬೆಳಕು ಬೇರೆ ಕಡೆಯಿಂದ ಬಿದ್ದರೆ ನಿಜವಾದ ಗೀರಿನ ಹೊಳಪು ಬದಲಾಗುತ್ತದೆ, ಜಾಗ ಬದಲಾಗುವುದಿಲ್ಲ.

ಮದುವೆಯ ನಾಣ್ಯದ ಬಗ್ಗೆ ನೀವು ಯಾಕೆ ಕೇಳಿದಿರೋ ನನಗೆ ಅರ್ಥವಾಗಲಿಲ್ಲ. ಅದು ಎಲ್ಲಿರಬೇಕೋ ಅಲ್ಲೇ ಇದೆ ಎಂದುಕೊಂಡಿದ್ದೇನೆ. ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡಿ.

ಇಂತಿ ನಮಸ್ಕಾರಗಳು,
ಫೋಟೋದವಳು


ಮಾರ್ಚ್ 6

ಹುಡುಗೀ,

ಹಳೆಗಂಟಿಗೆ ಬರೆದೆ. ಪಾಪ, ಮರುದಿನವೇ ಹೊಸ ಚಿತ್ರ ಕಳಿಸಿದ. ಅದನ್ನು ನೋಡಿದ ಮೇಲೆ ನನಗೆ ಉಳಿದಿದ್ದ ಬುದ್ಧಿಯೂ ಹೋಯಿತು. ಜೊತೆಗಿಟ್ಟಿದ್ದೇನೆ, ನೀನೇ ನೋಡು. ಮೊದಲ ಚಿತ್ರದಲ್ಲಿ ಉಬ್ಬಿ ನಿಂತಿದ್ದ ಹಡಗು ಇದರಲ್ಲಿ ತಗ್ಗಿನಲ್ಲಿದೆ. ಯಾರೋ ಬೆರಳಿನಿಂದ ಒಳಗೆ ಒತ್ತಿದ ಹಾಗೆ. ಮಹಡಿಯ ಟೈಲರಮ್ಮನಿಗೆ ತೋರಿಸಿದರೆ, ಸರಿಯಾಗೇ ಉಬ್ಬಿದೆಯಲ್ಲ ಎಂದರು. ಇನ್ನೊಂದು ಸಲ ನೋಡಿ, ಅಯ್ಯೋ ತಗ್ಗಾಯಿತು ಎಂದರು. ಆಮೇಲೆ ಇಬ್ಬರೂ ಕಾಗದವನ್ನು ತಲೆಕೆಳಗೆ ಹಿಡಿದು ನೋಡಿದೆವು, ಆಗ ಉಬ್ಬಿತು. ಅವರು ಇದು ಒಳ್ಳೆಯದಲ್ಲ ಎಂದು ಹೇಳಿ ಹೊಲಿಗೆಗೆ ಹೋದರು.

ಇನ್ನು ಗೆರೆ. ಅದು ಹಾಯಿಯ ಮೇಲಿಲ್ಲ. ಈಗ ಕೆಳಗೆ ಎಡಗಡೆ, ಅಲೆಗಳ ಮೇಲಿದೆ. ಅದೇ ಓರೆ, ಅಷ್ಟೇ ಉದ್ದ. ನಾಣ್ಯ ಒಂದೋ, ಎರಡೋ? ಒಂದೇ ಆದರೆ ಗೀರು ನಡೆದುಕೊಂಡು ಹೋಯಿತಾ?

ಈಗ ನಿಜ ಹೇಳುತ್ತೇನೆ. ನನಗೆ ಬೇಕಾಗಿದ್ದದ್ದು ಬೆಳಕಿನ ಪಾಠವಲ್ಲ. ಆ ಮೊದಲ ಚಿತ್ರ ನೋಡಿದ ಕೂಡಲೇ, ಇದು ನಾನು ನಿನಗೆ ಕೊಟ್ಟದ್ದೇ ಎನಿಸಿಬಿಟ್ಟಿತ್ತು. ನಾನು ಕೇಳಿದ ಎಲ್ಲದಕ್ಕೂ ನೀನು ಅಚ್ಚುಕಟ್ಟಾಗಿ ಉತ್ತರ ಬರೆದೆ, ಆ ಒಂದಕ್ಕೆ ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟೆ. ಎಲ್ಲಿರಬೇಕೋ ಅಲ್ಲೇ ಎಂದರೆ ಎಲ್ಲಿ? ಅದನ್ನು ನೀನು ಮಾರಿದೆಯಾ? ಮಾರಿದ್ದರೆ ಬೈಯುವುದಿಲ್ಲ. ಕಷ್ಟವಿತ್ತೋ, ನಮ್ಮ ನೆನಪೇ ಬೇಡವೆನಿಸಿತೋ, ಅದು ಗೊತ್ತಾಗಬೇಕು. ಮೊದಲನೆಯದಾದರೆ ತಡೆದುಕೊಳ್ಳುತ್ತೇನೆ.

ಇನ್ನೊಂದು ವಿಷಯ ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳಬಾರದು. ಮಗನಿಗೆ ಒಬ್ಬ ಡ್ರಾಯಿಂಗ್ ಟೀಚರ್ ಜೊತೆ ಮದುವೆಯ ಮಾತುಕತೆ ನಡೆದಿದೆ. ನಾನಿನ್ನೂ ನೋಡಿಲ್ಲ.

ನಿನ್ನ,
ಕರಡಿನವಳು


ಏಪ್ರಿಲ್ 17

ಹುಡುಗೀ,

ನೀನು ಬರೆಯಲಿಲ್ಲ. ನಾನು ಹಾಗೆ ನೇರವಾಗಿ ಕೇಳಬಾರದಿತ್ತು. ಅಂಚೆಯವನು ಬೀದಿಯ ತುದಿಯಲ್ಲಿ ಕಂಡರೆ ಸಾಕು, ಮಂಡಿ ನೋವು ಮರೆತು ಮೆಟ್ಟಿಲಿಳಿಯುತ್ತೇನೆ. ಅವನು ಕರೆಂಟ್ ಬಿಲ್ ಕೊಟ್ಟು ಹೋಗುತ್ತಾನೆ.

ತಡೆಯಲಾರದೆ ಆ ನಾಣ್ಯ ತರಿಸಿಕೊಂಡೆ. ನಿನ್ನದೇ ಆಗಿದ್ದರೆ ಕೊನೆಯ ಪಕ್ಷ ಗೊತ್ತಿಲ್ಲದವರ ಪಾಲಾಗುವುದು ಬೇಡ ಎಂದುಕೊಂಡೆ. ಪೊಟ್ಟಣ ಮೊನ್ನೆ ಬಂತು. ಪ್ರೆಸ್‌ನ ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಭೂತಗನ್ನಡಿ ಹಿಡಿದು ನೋಡಿದೆ. ಹಾಯಿಯ ಮೇಲೆ ಗೀರಿಲ್ಲ. ಅಲೆಗಳ ಮೇಲೂ ಇಲ್ಲ. ಹಡಗು ಎಲ್ಲ ಹಡಗುಗಳ ಹಾಗೆ ಉಬ್ಬಿಯೇ ಇದೆ. ಹಿಂಬದಿಯಲ್ಲೂ ಏನೂ ಇಲ್ಲ.

ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಹಳೆಗಂಟು ಒಂದನ್ನು ತೋರಿಸಿ ಇನ್ನೊಂದನ್ನು ಕಳಿಸಿದ್ದಾನೆ ಎಂದಾದರೆ, ಗೀರಿರುವ ನಾಣ್ಯ ಅವನ ಬಳಿಯೇ ಇದೆ. ಅದು ನಿನ್ನದಲ್ಲ ಎಂದು ನನಗೆ ಹೇಗೆ ಗೊತ್ತಾಗಬೇಕು? ಅವನನ್ನು ಕೇಳಿದರೆ, ‘ಮೇಡಂ, ನನ್ನ ಹತ್ರ ಇದ್ದಿದ್ದೇ ಅದೊಂದು’ ಎಂದು ಆಣೆ ಇಡುತ್ತಾನೆ. ಅವನ ಮಾತು ಸುಳ್ಳಿನ ಹಾಗೂ ಕೇಳುವುದಿಲ್ಲ. ಫೋಟೋದಲ್ಲಿತ್ತು, ಕೈಯಲ್ಲಿಲ್ಲ. ಯಾರನ್ನು ನಂಬಲಿ, ಹೇಳು. ನಿನ್ನ ಮೇಲೆ ಸಂಶಯಪಟ್ಟೆನೆಂದು ನನ್ನ ಮೇಲೇ ಸಿಟ್ಟು ಬರುತ್ತದೆ, ಮರುಕ್ಷಣ ಸಂಶಯವೂ ಬರುತ್ತದೆ.

ಎರಡು ಸಾಲಾದರೂ ಬರಿ. ಬೈದು ಬರೆದರೂ ಸರಿ.

ಕರಡಿನವಳು


ಏಪ್ರಿಲ್ 28

ಅತ್ತೆ,

ತಡವಾಯಿತು. ನಿಮ್ಮ ಮಾರ್ಚಿನ ಕಾಗದ ಓದಿ ಎರಡು ಸಲ ಉತ್ತರ ಬರೆದು ಹರಿದೆ. ಎರಡರಲ್ಲೂ ಕೆಟ್ಟ ಮಾತುಗಳಿದ್ದವು.

ಮೊದಲು ಗೀರು. ಹಳೆಗಂಟು ನಿಮಗೆ ಮೋಸ ಮಾಡಿಲ್ಲ. ಆತ ಕ್ಯಾಮೆರಾ ಮುಟ್ಟುವುದೇ ಇಲ್ಲ, ನಿಮ್ಮ ಪ್ರೆಸ್‌ನಲ್ಲಿರುವಂಥ ಸ್ಕ್ಯಾನರಿನ ಗಾಜಿನ ಮೇಲೆ ನಾಣ್ಯ ಕವುಚಿ ಹಾಕುತ್ತಾನೆ. ಸ್ಕ್ಯಾನರಿನ ಬೆಳಕು ಯಾವಾಗಲೂ ಒಂದೇ ಕಡೆಯಿಂದ ಬೀಳುತ್ತದೆ. ನೀವು ತಿರುಗಿಸಿ ಎಂದಿರಿ, ಆತ ನಾಣ್ಯವನ್ನು ತಲೆಕೆಳಗಾಗಿಟ್ಟು, ಆಮೇಲೆ ಚಿತ್ರವನ್ನು ನೆಟ್ಟಗೆ ಮಾಡಿ ಕಳಿಸಿದ. ಬೆಳಕು ಕೆಳಗಿನಿಂದ ಬಂದ ಹಾಗಾಯಿತು. ಬೆಳಕು ಮೇಲಿನಿಂದ ಬರುವುದೇ ನಮ್ಮ ಕಣ್ಣಿಗೆ ಅಭ್ಯಾಸ, ಅದಕ್ಕೇ ಉಬ್ಬು ತಗ್ಗಾಗಿ ಕಂಡಿತು. ಗೆರೆ ಹಾಯಿಯಿಂದ ಅಲೆಗೆ ಇಳಿದದ್ದೂ ಅದಕ್ಕೇ: ನಾಣ್ಯ ತಿರುಗಿತು, ಗೆರೆ ಇದ್ದಲ್ಲೇ ಇತ್ತು. ಆತ ಮಾರಲಿಟ್ಟಿರುವ ಉಳಿದ ವಸ್ತುಗಳನ್ನೂ ನೋಡಿದೆ. ಕುದುರೆಯ ನಾಣ್ಯ, ಹಿತ್ತಾಳೆ ಗುಂಡಿ, ಯಾವುದೋ ಓಟದ ಪದಕ, ಎಲ್ಲದರ ಮೇಲೂ ಅದೇ ಜಾಗದಲ್ಲಿ ಅದೇ ಗೆರೆ. ಗೀರು ಆತನ ಗಾಜಿನ ಮೇಲಿದೆ.

ಈಗ ನನ್ನ ನಾಣ್ಯ. ನಾನು ಮಾರಿಲ್ಲ. ಮನೆ ಬಿಡುವ ದಿನ ಬಾಗಿಲ ಬಳಿ ನನ್ನ ಪೆಟ್ಟಿಗೆ ಇಟ್ಟುಕೊಂಡು ನಿಂತಿದ್ದೆ. ನೀವು ಪ್ರೆಸ್‌ಗೆ ಹೋಗಿದ್ದಿರಿ. ಅವರು ಬಂದು, ‘ಅಮ್ಮ ಆ ನಾಣ್ಯ ವಾಪಸ್ ಕೇಳಿದಾರೆ. ಮನೆ ವಸ್ತು ಮನೇಲೇ ಇರ್ಲಿ ಅಂದ್ರು’ ಅಂದರು. ನಾನು ಪೆಟ್ಟಿಗೆ ಬಿಚ್ಚಿ, ಬಟ್ಟೆಗಳ ತಳದಿಂದ ತೆಗೆದುಕೊಟ್ಟೆ. ಅವರ ಯಾವ ಮಾತಿಗೂ ನಾನು ಆ ಮನೆಯಲ್ಲಿ ಅತ್ತಿರಲಿಲ್ಲ. ಆ ಮಾತಿಗೆ ಬಸ್ಸಿನಲ್ಲಿ ಕೂತು ಅತ್ತೆ, ಯಾಕೆಂದರೆ ಅದು ನಿಮ್ಮ ಮಾತು ಎಂದುಕೊಂಡಿದ್ದೆ.

ವಾಪಸ್ ಇಸಿದುಕೊಂಡವರು ಕ್ಷೇಮವೇ ಎಂದು ಕೇಳಿದರೆ ನಾನು ಏನು ಬರೆಯಬೇಕು? ಈಗ ಅನುಮಾನ ಬರುತ್ತಿದೆ. ನೀವು ಕೇಳಿದ್ದಿರಾ, ಇಲ್ಲವಾ?

ಫೋಟೋದವಳು


ಮೇ 15

ಮಗೂ,

ಕೇಳಿರಲಿಲ್ಲ. ಕೊಟ್ಟದ್ದನ್ನು ವಾಪಸ್ ಕೇಳುವ ನಾಲಿಗೆ ನನಗಿಲ್ಲ. ಇಷ್ಟನ್ನು ಅದೇ ದಿನ ಬರೆದು ಹಾಕಿಬಿಡಬೇಕಿತ್ತು. ಅವನನ್ನು ಒಂದು ಮಾತು ಕೇಳಿಯೇ ಬರೆಯೋಣ ಎಂದು ತಡೆದೆ. ಅಷ್ಟರಲ್ಲಿ ನಡೆಯಬಾರದ್ದು ನಡೆಯಿತು.

ಭಾನುವಾರ ಅವನು ಡ್ರಾಯಿಂಗ್ ಟೀಚರನ್ನು ಮನೆಗೆ ಕರೆತಂದ. ಒಳ್ಳೆಯ ಹುಡುಗಿ. ಉಗುರ ಸಂದಿಯಲ್ಲಿ ಬಣ್ಣ ಇತ್ತು, ಕೂತವಳು ತಾನೇ ಎದ್ದು ಹೋಗಿ ನೀರು ಕುಡಿದು ಬಂದಳು. ಹೊರಡುವ ಹೊತ್ತಿಗೆ ಪರ್ಸಿನಿಂದ ಒಂದು ಚಿಕ್ಕ ಚೀಲ ತೆಗೆದು, ‘ನೀವು ಕೊಟ್ಟು ಕಳಿಸಿದ್ದು, ಜೊತೇಲೇ ಇಟ್ಕೊಂಡಿರ್ತೀನಿ’ ಎಂದು ನನ್ನ ಅಂಗೈಗೆ ಹಾಕಿದಳು. ಹಡಗು. ಭೂತಗನ್ನಡಿ ಬೇಕಾಗಲಿಲ್ಲ, ಹೆಬ್ಬೆರಳು ತಾಗಿದ ಕೂಡಲೇ ಗೀರು ಸಿಕ್ಕಿತು.

ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಆ ಹುಡುಗಿಯೂ ನೋಡುತ್ತಿದ್ದಳು. ಬಾಯಲ್ಲಿ ಬಿಸಿ ತುಪ್ಪ ಇಟ್ಟ ಹಾಗಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಕೊನೆಗೆ ಜೋಪಾನವಾಗಿ ಇಟ್ಟುಕೋ ಎಂದೆ. ಅವಳು ಸಂತೋಷದಿಂದ ಹೋದಳು.

ಆಮೇಲೆ ಅವನನ್ನು ಹಿಡಿದು ಕೇಳಿದೆ. ಅವನಿಗೆ ನಾಚಿಕೆಯೇನೂ ಆಗಲಿಲ್ಲ. ‘ನೀನು ಕೊಟ್ಟಿದ್ದು ಸೊಸೆಗಲ್ವಾ ಅಮ್ಮಾ? ಆಗ ಸೊಸೆ ಅವಳು, ಈಗ ಇವಳು. ಇದರಲ್ಲಿ ತಪ್ಪೇನಿದೆ?’ ಎಂದ. ಸುಳ್ಳು ಯಾಕೆ ಹೇಳಿದೆ ಎಂದರೆ, ಜಗಳ ಬೇಡವಾಗಿತ್ತು ಎಂದ. ಅವನ ಮಾತು ಕೇಳುತ್ತಾ ಕೇಳುತ್ತಾ ಒಂದು ಗಳಿಗೆ ಅದೇ ನ್ಯಾಯ ಎನಿಸಿಬಿಟ್ಟಿತು. ನನ್ನ ಮಗನಲ್ಲವೇ. ಅವನು ಎದ್ದು ಹೋದ ಮೇಲೆ ನ್ಯಾಯ ಎನಿಸಲಿಲ್ಲ. ಇಬ್ಬರಲ್ಲಿ ಯಾರು ಸರಿ ಎಂದು ಇನ್ನೂ ತೂಗುತ್ತಿದ್ದೇನೆ.

ನಾನು ತರಿಸಿದ ನಾಣ್ಯ ಇದೆಯಲ್ಲ, ಗೀರಿಲ್ಲದ್ದು, ಅದನ್ನು ನಿನಗೆ ಕಳಿಸಿಕೊಡಲಾ? ನಿನ್ನದಕ್ಕಿಂತ ಒಂದು ಕೈ ಮೇಲೇ ಇದೆ.

ಕರಡಿನವಳು


ಮೇ 22

ಅತ್ತೆ,

ಕಳಿಸಬೇಡಿ. ಒಡೆದ ಲೋಟಕ್ಕೆ ಬದಲು ಲೋಟ ಕೇಳುತ್ತಿಲ್ಲ ನಾನು.

ನೀವು ಕೇಳಿರಲಿಲ್ಲ ಎಂಬ ಸಾಲನ್ನು ಓದಿ, ಲೈಟುಗಳನ್ನೆಲ್ಲ ಆರಿಸಿ ಸ್ಟುಡಿಯೋದಲ್ಲಿ ಸುಮ್ಮನೆ ಕೂತೆ. ಅಷ್ಟು ಹಗುರವಾಗಿತ್ತು. ಅಲ್ಲಿಗೇ ನಿಮ್ಮ ಕಾಗದ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಅವರು ಒಂದು ಸುಳ್ಳು ಹೇಳಿದರು, ನೀವು ಜೋಪಾನ ಎಂದು ಹೇಳಿ ಅದಕ್ಕೆ ಮೊಹರು ಒತ್ತಿದಿರಿ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದು ನನಗೂ ಗೊತ್ತು, ಅದಕ್ಕೆ ನನ್ನ ತಕರಾರಿಲ್ಲ. ಆ ಹುಡುಗಿಯ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಆದರೆ ಇನ್ನೊಬ್ಬಳ ಪೆಟ್ಟಿಗೆಯಿಂದ ಬಂದದ್ದು ಎಂದು ತಿಳಿಯದೆ ಅದನ್ನು ಹೊತ್ತು ತಿರುಗುತ್ತಿದ್ದಾಳಲ್ಲ, ಅವಳಿಗೆ ಗೊತ್ತಾಗುವುದು ಬೇಡವೇ?

ನೀವು ತೂಗುತ್ತಿದ್ದೇನೆ ಎಂದಿರಿ. ತೂಗಿ ಮುಗಿದ ಮೇಲೆ ಒಂದೇ ಒಂದು ಉತ್ತರ ಕೊಡಿ. ಆವತ್ತು ನೀವು ಕೊಟ್ಟದ್ದು ನನಗೋ, ಸೊಸೆ ಎಂಬ ಕುರ್ಚಿಗೋ? ಕುರ್ಚಿಗೆ ಎಂದಾದರೆ ಅವರ ಮಾತೇ ಸರಿ. ಆಗ ನಾನು ಬೇಸರವಿಲ್ಲದೆ ಈ ಬರೆಯುವುದನ್ನು ನಿಲ್ಲಿಸುತ್ತೇನೆ.

ಫೋಟೋದವಳು


ಜೂನ್ 11

ಮಗೂ,

ನಿನಗೆ ಕೊಟ್ಟದ್ದು. ಮದುವೆಗೆ ಮುಂಚೆ ಒಮ್ಮೆ ನೀನು ಮನೆಗೆ ಬಂದಾಗ ನಿನ್ನ ಮಾವನ ನಾಣ್ಯಗಳ ಮುಂದೆ ಕೂತು, ಯಾವುದಕ್ಕೆಷ್ಟು ಎಂದು ಕೇಳದೆ, ಈ ಹಡಗು ಎಲ್ಲಿಗೆ ಹೊರಟಿದೆ ಎಂದು ಕೇಳಿದ್ದೆ. ಆಗಲೇ ಅದು ನಿನ್ನದೆಂದು ಮನಸ್ಸಿನಲ್ಲಿ ತೆಗೆದಿಟ್ಟೆ. ನನ್ನ ಮಗ ಬೇರೆ ಯಾರನ್ನೋ ಮದುವೆಯಾಗಿದ್ದರೆ ಅವಳಿಗೆ ಬೇರೆ ಏನಾದರೂ ಕೊಡುತ್ತಿದ್ದೆ. ಇಷ್ಟನ್ನು ಹೇಳಲು ನನಗೆ ಇಷ್ಟು ದಿನ ಯಾಕೆ ಬೇಕಾಯಿತೋ ನನಗೇ ತಿಳಿಯದು.

ಹೋದ ವಾರ ಡ್ರಾಯಿಂಗ್ ಟೀಚರ ಶಾಲೆಗೆ ಹೋದೆ. ಮಕ್ಕಳು ಆಟಕ್ಕೆ ಹೋಗಿದ್ದರು, ಅವಳು ಸಿಂಕಿನಲ್ಲಿ ಬ್ರಷ್ ತೊಳೆಯುತ್ತಿದ್ದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ, ಒಂದೂ ನೆನಪಾಗಲಿಲ್ಲ. ‘ಆ ನಾಣ್ಯ ನಾನು ನಿನಗೆ ಕೊಟ್ಟಿದ್ದಲ್ಲಮ್ಮಾ. ಅದು ಇನ್ನೊಬ್ಬಳದ್ದು. ಆವತ್ತು ಹೇಳೋಕೆ ನನಗೆ ಧೈರ್ಯ ಬರಲಿಲ್ಲ’ ಎಂದುಬಿಟ್ಟೆ. ಅವಳು ನಲ್ಲಿ ನಿಲ್ಲಿಸಿದಳು. ನಾನು ಮೊದಲಿನಿಂದ ಎಲ್ಲ ಹೇಳಿದೆ. ಕೊನೆಗೆ ಒಂದೇ ಮಾತು ಕೇಳಿದಳು: ‘ಅವರು ಹೊರಟು ನಿಂತಾಗ ಇವರು ಪೆಟ್ಟಿಗೆ ಬಿಚ್ಚಿಸಿದ್ರಾ?’

ಹೌದು ಎಂದೆ. ಅವಳು ಕೈ ಒರೆಸಿಕೊಂಡು, ಚೀಲದ ಸಮೇತ ನಾಣ್ಯವನ್ನು ನನ್ನ ಕೈಗಿಟ್ಟು, ಮಕ್ಕಳು ಬರುವ ಹೊತ್ತಾಯಿತು ಎಂದಳು.

ಅವಳು ಅವನ ಫೋನ್ ಎತ್ತುತ್ತಿಲ್ಲ. ಅವನು ನನ್ನ ಜೊತೆ ಮಾತಾಡುತ್ತಿಲ್ಲ. ತಟ್ಟೆ ಮುಂದಿಟ್ಟರೆ ಉಣ್ಣುತ್ತಾನೆ, ಎದ್ದು ಹೋಗುತ್ತಾನೆ. ಅವನ ಬಾಳು ಎರಡನೆಯ ಸಲವೂ ಹಾಳಾದರೆ ಹಾಳು ಮಾಡಿದವಳು ತಾಯಿಯೇ ಎಂದಾಗುತ್ತದೆ. ಸರಿ ಮಾಡಿದೆನಾ? ಬೆಳಿಗ್ಗೆ ಹೌದು ಎನಿಸುತ್ತದೆ, ಅವನು ಬೆನ್ನು ತಿರುಗಿಸಿ ಉಣ್ಣುವುದನ್ನು ನೋಡುವಾಗ ಅಲ್ಲ ಎನಿಸುತ್ತದೆ. ನನ್ನ ತಲೆಗೆ ಇದು ಹತ್ತುತ್ತಿಲ್ಲ, ಮಗೂ.

ನಾಣ್ಯವನ್ನು ಅಂಚೆಗೆ ಹಾಕುವುದಿಲ್ಲ. ಈ ತಿಂಗಳ ಕೊನೆಯ ಭಾನುವಾರ ಮೊದಲ ಬಸ್ಸಿಗೆ ನಾನೇ ತರುತ್ತೇನೆ. ನಿನ್ನ ಕೈಗೆ ಕೊಟ್ಟು ಸಂಜೆಯ ಬಸ್ಸಿಗೆ ಹಿಂದಿರುಗುತ್ತೇನೆ.

ಕರಡಿನವಳು


ಜೂನ್ 16

ಅತ್ತೆ,

ನೀವು ಮಾಡಿದ್ದು ಸರಿಯೋ ಅಲ್ಲವೋ ನನ್ನನ್ನು ಕೇಳಬೇಡಿ. ಆ ಹುಡುಗಿಗೆ ಗೊತ್ತಾಗಬೇಕು ಎಂದು ಬರೆದವಳು ನಾನೇ.

ಇನ್ನೊಂದು ಹೇಳಿಬಿಡುತ್ತೇನೆ. ನೀವು ವಾಪಸ್ ಕೇಳಿದಿರಿ ಎಂದುಕೊಂಡು ಇಷ್ಟು ದಿನ ನಿಮ್ಮ ಮೇಲೆ ಸಿಟ್ಟು ಸಾಕಿದ್ದೆ. ನೀವು ತಪ್ಪೇ ಮಾಡಿರಲಿಲ್ಲ ಎಂದು ಗೊತ್ತಾದ ಮೇಲೂ ಅದು ಹೋಗುತ್ತಿಲ್ಲ. ಎಲ್ಲಿಡಬೇಕೋ ತಿಳಿಯುತ್ತಿಲ್ಲ. ನಿಮ್ಮನ್ನು ನೋಡಿದ ಕೂಡಲೇ ಒಂದು ಸುತ್ತು ಜಗಳವಾಡುತ್ತೇನೆ, ಕಾರಣ ಕೇಳಬೇಡಿ, ಆಡಿಸಿಕೊಳ್ಳಿ.

ಆ ಭಾನುವಾರ ನನಗೆ ಕೆಲಸವಿದೆ, ಇಸ್ತ್ರಿಪೆಟ್ಟಿಗೆಗಳ ದೊಡ್ಡ ಲಾಟು ಬಂದಿದೆ. ಶನಿವಾರವೇ ಬನ್ನಿ. ಬಸ್ಸು ನಿಲ್ಲುವ ಕಡೆ ನಾನಿರುತ್ತೇನೆ. ಉಟ್ಟುಕೊಳ್ಳಲು ಎರಡು ಜೊತೆ ಹೆಚ್ಚಿಗೆ ತನ್ನಿ, ಸಂಜೆಯ ಬಸ್ಸಿನ ಮಾತು ಎತ್ತಬೇಡಿ.

ನಿಮ್ಮ,
ನಾನು